ಸೋತವರ ಕಾಫಿ

ಸ್ಟೀಲ್ ಫಿಲ್ಟರಿನ ತೂತುಗಳು ಕಟ್ಟಿಕೊಂಡು ಡಿಕಾಕ್ಷನ್ ಇಳಿಯಲಿಲ್ಲವೆಂದು ಇವತ್ತು ಬೆಳಿಗ್ಗೆ ಅಟ್ಟದ ಮೇಲಿದ್ದ ಹಿತ್ತಾಳೆ ಫಿಲ್ಟರನ್ನು ಇಳಿಸಿದೆ. ಮುಚ್ಚಳ ತೆಗೆದರೆ ಹಳೆಯ ಚಿಕೋರಿಯ ಮುಗ್ಗಲು ವಾಸನೆ. ಒಳಗೇನೋ ಟಣ್ ಎಂದಿತು. ಬಗ್ಗಿಸಿದರೆ ಅಂಗೈಗೆ ಬಿದ್ದದ್ದು ಆರು ಮೂಲೆಯ ಬಿಳಿ ಬಿಲ್ಲೆ, ಅದರ ಮೇಲೆ ಕೆತ್ತಿದ ಒಂದು ಹುಳು. ನಂಬಿ, ನನ್ನ ಕಿವಿ ಬಿಸಿಯಾಯಿತು. ಅದು ಆಟದಲ್ಲಿನ ನನ್ನ ಉಂಡೆಹುಳು! ವರ್ಷಗಳ ಹಿಂದೆ ‘ಕಳೆದುಹೋದ’ ಉಂಡೆಹುಳು.

ಮದುವೆಯಾಗಿ ಜಯನಗರದ ಈ ಮನೆಗೆ ಬಂದ ಹೊಸದರಲ್ಲಿ ಮಧ್ಯಾಹ್ನಗಳು ಸರಿಯುತ್ತಲೇ ಇರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕರವಸ್ತ್ರಕ್ಕೆ ಹೂ ಹಾಕುವುದನ್ನೂ ಜೋರಾಗಿ ನಗದಿರುವುದನ್ನೂ ಕಲಿಸಿದ್ದರು. ಎರಡರಿಂದಲೂ ಹೊತ್ತು ಹೋಗುವುದಿಲ್ಲ. ಬ್ಯಾಂಕಿನಿಂದ ನಿವೃತ್ತರಾಗಿದ್ದ ಮಾವನಿಗೂ ಅದೇ ಕಷ್ಟ. ಒಂದು ದಿನ ಕರೆದು ಹುಳುಗಳ ಆಟವೊಂದನ್ನು ಕಲಿಸಿದರು. ಹಲಗೆಯಿಲ್ಲ, ಕರಿ ಬಿಳಿ ಬಿಲ್ಲೆಗಳನ್ನೇ ಒಂದಕ್ಕೊಂದು ಅಂಟಿದಂತೆ ಇಡುತ್ತ ಹೋಗಬೇಕು. ಪ್ರತಿ ಬಿಲ್ಲೆಯ ಮೇಲೂ ಒಂದು ಹುಳು, ಪ್ರತಿ ಹುಳುವಿಗೂ ಅದರದೇ ನಡೆ. ಎದುರಾಳಿಯ ಜೇನುರಾಣಿಯನ್ನು ಆರೂ ಕಡೆ ಸುತ್ತುಗಟ್ಟಿದರೆ ಗೆಲುವು. ಸೋತವರು ಸಂಜೆಯ ಕಾಫಿ ಮಾಡಬೇಕು. ಈ ಕಾಫಿಯ ನಿಯಮ ಮಾವನದೇ. ತಾವು ಸೋಲಬಹುದೆಂಬ ಯೋಚನೆ ಅವರಿಗಿರಲಿಲ್ಲ.

ಆಟದ ಇರುವೆ ಹೊರಸುತ್ತಿನಲ್ಲಿ ಎಷ್ಟು ದೂರ ಬೇಕಾದರೂ ಓಡುತ್ತದೆ. ಅಡಿಗೆಮನೆಯ ಇರುವೆಗಳಿಗೆ ಅರಿಸಿನಪುಡಿ ಹಾಕುತ್ತಿದ್ದ ನಾನು ಈ ಇರುವೆಗಳನ್ನು ಮಾತ್ರ ಮುದ್ದಿನಿಂದ ಬೆಳೆಸಿದೆ. ಅವನ್ನು ಬೇಗ ಇಳಿಸಿ ರಾಣಿಯ ಸುತ್ತ ಬಿಡುವುದೇ ನನ್ನ ಉಪಾಯ. ಮಾವ ಸೋಲತೊಡಗಿದರು. ಸೋತೆನೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ನಿಂಗೆ ಸಕ್ಕರೆ ಎಷ್ಟಮ್ಮ?” ಎಂದು ಎದ್ದು ಹಿತ್ತಾಳೆ ಫಿಲ್ಟರಿಗೆ ಕೈಹಾಕುವರು, ಸ್ಟೀಲಿನದು ಅವರ ಪ್ರಕಾರ ಹಾಸ್ಟೆಲಿನವರಿಗೆ. ನಾನು ಕಾಲು ಮಡಚಿ ಕೂತಿರುತ್ತಿದ್ದೆ. ಇಡೀ ದಿನದಲ್ಲಿ ನಾನು ಸೊಸೆಯಲ್ಲದ ಹೊತ್ತು ಅದೊಂದೇ.

ಅಷ್ಟರಲ್ಲಿ ಮಾವ ಹೊಸ ಹುಳುಗಳನ್ನು ಕೊಂಡು ತಂದರು. ನಮ್ಮಂಥವರು ಗೆಲ್ಲಲು ಶುರುಮಾಡಿದ ಮೇಲೇ ನಿಯಮಗಳು ಹೆಚ್ಚುವುದು, ಗಮನಿಸಿದ್ದೀರಾ? ಪಕ್ಕದಲ್ಲಿರುವವರ ನಡೆಯನ್ನು ಕದಿಯುವ ಸೊಳ್ಳೆ ಬಂತು. ಅದನ್ನಾದರೂ ಸಹಿಸಬಹುದು. ಜೊತೆಗೆ ಬಂದದ್ದು ಉಂಡೆಹುಳು. ತಾನು ನಡೆಯುವುದು ಒಂದೇ ಹೆಜ್ಜೆ. ಆದರೆ ಪಕ್ಕದ ಬಿಲ್ಲೆಯನ್ನು ಎತ್ತಿ ತನ್ನ ಇನ್ನೊಂದು ಪಕ್ಕಕ್ಕೆ ಇಟ್ಟುಬಿಡುತ್ತದೆ. ಐದು ಕಡೆ ಕಟ್ಟಿ ಆರನೆಯದಕ್ಕೆ ಕೈ ಚಾಚಿದರೆ, ಮಾವನ ರಾಣಿ ಆರಾಮಾಗಿ ಆಚೆ ಕೂತಿರುತ್ತಿದ್ದಳು.

“ಇದು ಅನ್ಯಾಯ ಮಾವ!”

“ಅನ್ಯಾಯ ಏನ್ ಬಂತು? ನಿಂಗೂ ಒಂದು ಕೊಟ್ಟಿದೀನಲ್ಲ.”

ಕೊಟ್ಟಿದ್ದರು, ನಿಜ. ತಾವು ಮಾತ್ರ ಪಾರ್ಕಿನ ಗೆಳೆಯರ ಜೊತೆ ಮೊದಲೇ ಕೈ ಪಳಗಿಸಿಕೊಂಡು ಬಂದಿದ್ದರು!

ಉರಿದುಕೊಂಡು ಚಪಾತಿ ಲಟ್ಟಿಸುವಾಗಲೇ ಒಂದು ದಿನ ಹೊಳೆಯಿತು: ರಾಣಿಯ ಹಿಂದೆ ಓಡಬಾರದು, ಮೊದಲು ಅವಳ ಪಕ್ಕದವರನ್ನು ವಿಚಾರಿಸಿಕೊಳ್ಳಬೇಕು. ಜೀರುಂಡೆ ಬೇರೆ ಬಿಲ್ಲೆಯ ತಲೆಯ ಮೇಲೆ ಹತ್ತಿ ಕೂರಬಲ್ಲದು. ಕೂತರೆ ಕೆಳಗಿನದರ ಶಕ್ತಿ ಅಡಗಿತು. ನನ್ನ ಅವಸರದ ಇರುವೆಗಳನ್ನು ತಡೆದಿಟ್ಟು, ಜೀರುಂಡೆಯನ್ನು ನಿಧಾನವಾಗಿ ನಡೆಸಿ ಮಾವನ ಉಂಡೆಹುಳುವಿನ ಮೇಲೆ ಹತ್ತಿಸಿದೆ. ನನ್ನ ಉಂಡೆಹುಳುವನ್ನು ನನ್ನ ರಾಣಿಯ ಕಾವಲಿಗಿಟ್ಟೆ.

“ನಿಂಗೆ ಸಕ್ಕರೆ ಎಷ್ಟಮ್ಮ?” ಮತ್ತೆ ಕೇಳಿಸತೊಡಗಿತು.

ಕೆಲವೇ ದಿನ. ಆಮೇಲೆ ನನ್ನ ಉಂಡೆಹುಳು ಕಾಣೆಯಾಯಿತು. ದಿವಾನದ ಕೆಳಗೆಲ್ಲ ಪೊರಕೆಯಾಡಿಸಿದೆ, ಸಿಗಲಿಲ್ಲ. “ಹಾಗಾದ್ರೆ ನಿಮ್ಮದನ್ನೂ ತೆಗೆದಿಡಿ ಮಾವ” ಎಂದೆ. “ಕಳ್ಕೊಂಡೋಳು ನೀನು, ನಂದ್ಯಾಕೆ ತೆಗೀಲಿ?” ಎಂದರು. ಅವರ ರಾಣಿಗೆ ಎತ್ತಿಕೊಳ್ಳಲು ಆಳು, ನನ್ನ ರಾಣಿಗೆ ದೇವರೇ ಗತಿ! ನಾನು ಆಡುವುದಿಲ್ಲವೆಂದೆ. ಸಿಸ್ಟರುಗಳು ಕಲಿಸಿದ ಮೆಲುದನಿಯಲ್ಲೇ ಹೇಳಿದ್ದರಿಂದ ಅದು ಸಿಟ್ಟೆಂದು ಯಾರಿಗೂ ತಿಳಿಯಲಿಲ್ಲ. ಪೆಟ್ಟಿಗೆ ಬೀರು ಸೇರಿತು, ಕಾಫಿ ದಿನವೂ ನನ್ನ ಪಾಲಿಗೆ ಬಂತು. ಮಾವನೇ ಬಚ್ಚಿಟ್ಟಿದ್ದಾರೆಂದು ಅಂದಿನಿಂದಲೂ ಒಳಗೊಳಗೇ ಕುದಿದಿದ್ದೇನೆ.

ಇವತ್ತು ಬಿಲ್ಲೆ ಹಿಡಿದು ನೇರ ಹಾಲಿಗೆ ನಡೆದೆ. ಮಾವ ಪೇಪರಿನ ಹಿಂದಿದ್ದರು. ಅತ್ತೆ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು.

“ಇದು ನಿಮ್ಮ ಫಿಲ್ಟರಲ್ಲಿತ್ತು ಮಾವ.”

ಮಾವ ಕನ್ನಡಕ ಮೇಲೇರಿಸಿದರು. “ಅಯ್ಯೋ, ನಾನಿಟ್ಟಿಲ್ಲ ಕಣಮ್ಮ. ದೇವರಾಣೆ!”

“ನಾನಿಟ್ಟಿದ್ದು” ಎಂದರು ಅತ್ತೆ, ತಲೆಯೆತ್ತದೆ. “ಹುಳಾನೂ ಫಿಲ್ಟರ್‍ನೂ ಒಟ್ಟಿಗೇ ಅಟ್ಟಕ್ಕೆ ಹಾಕ್ದೆ.”

“ಅತ್ತೆ!”

“ಏನು ಅತ್ತೆ? ಇವರು ಸ್ಟವ್ ಮುಂದೆ ನಿಂತ್ರೆ ಎದುರುಮನೆಯವಳು ಕಿಟಕೀಲಿ ಬಗ್ಗಿ ಬಗ್ಗಿ ನೋಡ್ತಿದ್ಲು. ಸೊಸೆ ಬಂದ ಮನೇಲಿ ಗಂಡಸು ಕಾಫಿ ಕಾಯಿಸ್ತಾರೆ ಅಂತ. ಅದೂ ಕುಡಿಯೋ ಹಾಗಿರ್ತಿತ್ತಾ ಆ ಕಾಫಿ?” ಅವರ ಬೆರಳ ನಡುವಿನಿಂದ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತಲೇ ಇತ್ತು.

ಕೂತಲ್ಲಿಂದ ಏಳದೆಯೇ ಮಿಕ್ಕವರನ್ನು ಎತ್ತಿಡುವ ಹುಳುವಿನ ಬಗ್ಗೆ ನಿಮಗೆ ಅಷ್ಟು ಬುದ್ಧಿವಂತಿಕೆಯಿಂದ ವಿವರಿಸಿದೆನಲ್ಲ? ಮನೆಯಲ್ಲಿ ಅದರ ಪಕ್ಕದಲ್ಲೇ ಕೂತು ಇಷ್ಟು ವರ್ಷ ಅವರೆಕಾಳು ಹಿದುಕಿದ್ದೇನೆ.

ಮಧ್ಯಾಹ್ನ ಬೀರುವಿನಿಂದ ಪೆಟ್ಟಿಗೆ ತೆಗೆದೆ. ಮಾವನ ಕೈ ಈಗ ನಡುಗುತ್ತದೆ, ಆಟ ನಡುಗುವುದಿಲ್ಲ. ನಾನೂ ವಯಸ್ಸು ನೋಡಿ ಬಿಟ್ಟುಕೊಡಲಿಲ್ಲ. ಆರನೆಯ ಬಿಲ್ಲೆ ಇಟ್ಟೆ.

“ನಿಂಗೆ ಸಕ್ಕರೆ ಎಷ್ಟಮ್ಮ?”

ಅತ್ತೆ ಮಂಡಿ ಹಿಡಿದುಕೊಂಡು ಏಳಹೊರಟರು.

“ಕೂತ್ಕೊಳ್ಳಿ ಅತ್ತೆ. ಸೋತಿರೋದು ಮಾವ.” ಈ ಸಲ ಮೆಲುದನಿಯಲ್ಲಿ ಹೇಳಲಿಲ್ಲ.

ಕಾಫಿ ಬಂತು. ಹಾಲು ಸೀದಿತ್ತು, ಡಿಕಾಕ್ಷನ್ ನೀರಾಗಿತ್ತು. ಆ ಒಂದು ವಿಷಯದಲ್ಲಿ ಅತ್ತೆ ಹೇಳಿದ್ದು ಸುಳ್ಳಲ್ಲ. ಕಾಲು ಮಡಚಿ ಕೂತು, ತಳದ ಗಷ್ಟದವರೆಗೂ ಕುಡಿದೆ.