ಅಂಗೈ ಮೇಲಿನ ಸಾಂಬಾರು

ಡೊಂಬಿವಲಿ ಸ್ಟೇಶನ್ನಿನ ಹತ್ತಿರದ ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಸಾಂಬಾರು ಕುದಿದ ಮೇಲೆ ಅಡುಗೆಯ ಭಟ್ಟರು ಸೌಟು ತಂದು ನನ್ನ ಅಂಗೈಗೆ ನಾಲ್ಕು ತೊಟ್ಟು ಬಿಡುತ್ತಿದ್ದರು. ನಾನು ನೆಕ್ಕಿ ‘ಹೂಂ’ ಅಂದ ಮೇಲೆಯೇ ಅದು ಗಿರಾಕಿಗಳಿಗೆ. ಉಡುಪಿಯಿಂದ ಬಂದು ಹೋಟೆಲು ಹಾಕಿದ ನನ್ನಪ್ಪನ ಕಾಲದಿಂದಲೂ ಇದು ಧನಿಯ ಕೆಲಸ.

ತೊಂಬತ್ತರ ದಶಕದ ಒಂದು ಮಳೆಗಾಲ ನನಗೆ ಜ್ವರ ಬಂತು. ಜ್ವರ ಬಿಟ್ಟಿತು, ಹಾಳಾದ್ದು ಮೂಗು ಮಾತ್ರ ಸರಿಯಾಗಲಿಲ್ಲ. ಉಪ್ಪು, ಹುಳಿ, ಖಾರ ನಾಲಗೆಗೆ ತಿಳಿಯುತ್ತಿತ್ತು. ಇಂಗು, ಕೊತ್ತಂಬರಿ, ತಳ ಹಿಡಿದ ವಾಸನೆ, ಉಹೂಂ. ಹೆಂಡತಿಗೆ ಮಾತ್ರ ಹೇಳಿದ್ದೆ. ಅವಳು ದಿನಾ ಅಡುಗೆಮನೆಯ ಬಾಗಿಲಲ್ಲಿ ತರಕಾರಿ ಹೆಚ್ಚುತ್ತ ಕೂರುವಳು. ಸಾಂಬಾರು ಕೆಟ್ಟಿದ್ದರೆ ವಾಸನೆಗೇ ಹುಬ್ಬು ಗಂಟಿಕ್ಕುವಳು. ನಾನು ನೆಕ್ಕುತ್ತಿದ್ದದ್ದು ಅಂಗೈಯನ್ನು, ಓದುತ್ತಿದ್ದದ್ದು ಅವಳ ಮುಖವನ್ನು.

ಅಷ್ಟರಲ್ಲಿ ಮಗಳು ಠಾಣೆಯಲ್ಲಿ ಸೈಕಾಲಜಿ ಎಂ.ಎ.ಗೆ ಸೇರಿದಳು. ನಾಲಗೆ ಕಣ್ಣಿನ ಮಾತನ್ನು ಎಷ್ಟು ಕೇಳುತ್ತದೆ ಅಂತ ಅವಳ ಸಂಶೋಧನೆ. ಒಂದು ಮಧ್ಯಾಹ್ನ ಹೋಟೆಲಿನಲ್ಲೇ ಲೋಟಗಳನ್ನು ಜೋಡಿಸಿದಳು. ಕಿತ್ತಳೆ ಶರಬತ್ತಿಗೆ ಹಸಿರು ಬಣ್ಣ, ಅನಾನಸಿನದಕ್ಕೆ ಕೆಂಪು. ದಿನಾ ಬರುವ ಗಿರಾಕಿಗಳೆಲ್ಲ ಬಣ್ಣ ನೋಡಿ ತಪ್ಪು ಹೇಳಿದರು. ಅಬ್ಬ, ನಾನೊಬ್ಬನೇ ಅಲ್ಲ ಅಂತ ನನಗೆ ಒಳಗೊಳಗೇ ಖುಷಿ. ಆದರೆ ಕಣ್ಣು ಕಟ್ಟಿದ ಮೇಲೆ ಅವರೆಲ್ಲ ಸರಿಯಾಗಿ ಹೇಳತೊಡಗಿದರು.

“ಪಪ್ಪಾ, ಈಗ ನೀವು. ದೋ ಮಿನಿಟ್.”

“ಇದೆಂತ ಮಕ್ಕಳಾಟ ಮಾರಾಯ್ತಿ? ನಂಗೆ ಕೆಲಸ ಉಂಟು!” ರೇಗಿದೆ.

“ಅರೆ, ನಿಮ್ಮ ನಾಲಗೆ ತೋ ಫೇಮಸ್ ಇದೆ ನಾ!”

“ಬಿಡೇ ಅವರನ್ನು,” ಹೆಂಡತಿ ಒಳಗಿನಿಂದ ಕೂಗುವಷ್ಟರಲ್ಲಿ ಕೈ ಒರೆಸುವ ಬೈರಾಸು ನನ್ನ ಕಣ್ಣಿಗೆ ಬಿದ್ದಿತ್ತು. ಕುಡಿದೆ. ಸಿಹಿ, ಸ್ವಲ್ಪ ಹುಳಿ, ಅಷ್ಟೇ. ಕಿತ್ತಳೆ ಅಂದೆ, ತಪ್ಪು. ಇನ್ನೊಂದು ಲೋಟಕ್ಕೆ ಅನಾನಸು ಅಂದೆ, ಅದೂ ತಪ್ಪು. ಯಾರೋ ಕಿಸಕ್ಕನೆ ನಕ್ಕರು.

ನಮ್ಮ ಭಟ್ಟರಿಗೆ ಸಹಿಸಲಾಗಲಿಲ್ಲ. “ಧನಿಗೆ ಈ ಪೇಟೆ ಶರಬತ್ತೆಲ್ಲ ಅಭ್ಯಾಸ ಇಲ್ಲ. ತಡೀರಿ,” ಎಂದು ಸೌಟು ತಂದು ನನ್ನ ಅಂಗೈಗೆ ಬಿಟ್ಟರು. ನೆಕ್ಕಿದೆ. ಉಪ್ಪು ಸರಿ, ಹುಳಿ ಸರಿ.

“ಫಸ್ಟ್ ಕ್ಲಾಸ್!” ಅಂದೆ ಜೋರಾಗಿ.

“ಧನಿ,” ಭಟ್ಟರು ಸೌಟು ಕೆಳಗಿಟ್ಟು ಹೇಳಿದರು, “ಅದು ತಳ ಹಿಡಿದದ್ದು, ಚೆಲ್ಲಲಿಕ್ಕೆ ಇಟ್ಟದ್ದು. ಇದಾದ್ರೆ ವಾಸನೆಗೇ ಗೊತ್ತಾಗ್ತದೆ, ನಿಮಗೆ ಸುಲಭ ಅಂತ...”

ನನ್ನ ಮರ್ಯಾದೆ ಉಳಿಸಲು ಅವರಿಗೆ ಹೊಳೆದ ದಾರಿ ಅದು. ಅವರ ಮೇಲೆ ಸಿಟ್ಟಾದರೂ ಹೇಗೆ ಆಗಲಿ? ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗಳು ಬೈರಾಸಿನ ಗಂಟಿಗೆ ಕೈ ಹಾಕಿದಾಗ ಅವಳ ಕೈ ಹಿಡಿದುಕೊಂಡೆ. ಅಲ್ಲಿದ್ದವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ರೂಢಿಯಂತೆ ಅಂಗೈ ಚಾಚಿದೆ. ಭಟ್ಟರು ಎಂದಿನ ಹಾಗೆ ನಾಲ್ಕು ತೊಟ್ಟು ಬಿಟ್ಟರು. ನಾನು ಕೈಯನ್ನು ಬಾಯಿಗೆ ಒಯ್ಯುವ ಮೊದಲೇ ಅವರು ಬಾಗಿಲಲ್ಲಿದ್ದ ನನ್ನ ಹೆಂಡತಿಯ ಮುಖ ನೋಡಿ, “ಆಯ್ತು, ಬಡಿಸಿ,” ಅಂತ ಹುಡುಗರಿಗೆ ಹೇಳಿ ಒಳಗೆ ಹೋದರು. ಸಾಂಬಾರು ನನ್ನ ಅಂಗೈಯಲ್ಲೇ ಇತ್ತು.