ಮೊಟ್ಟೆಗೆ ಮುಖ ಬರೆಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೊಟ್ಟೆ ಅಕ್ಕ ಅಡುಗೆಮನೆಯ ನೆಲದ ಮೇಲೆ ಒಂದು ಮೊಟ್ಟೆಯನ್ನು ಬುಗುರಿಯಂತೆ ತಿರುಗಿಸುತ್ತ ಕೂತಿದ್ದಾರೆ. ಉಣ್ಣೆಯ ಜಡೆ, ಗುಂಡಿಯ ಮೂಗು, ಕಾಗದದ ಟೋಪಿ ಇರುವ ಆ ಮೊಟ್ಟೆ ತೂರಾಡಿ ಮಗ್ಗುಲಿಗೆ ಬೀಳುತ್ತದೆ. ಇನ್ನೊಂದನ್ನು ತಿರುಗಿಸುತ್ತಾರೆ. ಅದೂ ಹಾಗೆಯೇ. ಬೆಂದದ್ದು ನೆಟ್ಟಗೆ ತಿರುಗಬೇಕು, ಹಸಿ ಮಾತ್ರ ತೂರಾಡಬೇಕು. ಬೆಂದದ್ದು ಯಾವುದು, ಹಸಿ ಯಾವುದು, ಒಂದೂ ತಿಳಿಯುತ್ತಿಲ್ಲ.

ಹಗಲೆಲ್ಲ ಅವರಿಗೆ ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸ. ಬಣ್ಣದ ಮೊಟ್ಟೆ ಹಂಚುವ ಈಸ್ಟರ್ ಹಬ್ಬ ಹತ್ತಿರ ಬಂತೆಂದರೆ ಅಲ್ಲಿನ ಚಿಂದಿ ಬಟ್ಟೆ, ಉಣ್ಣೆಯ ತುಂಡು, ಒಂಟಿ ಗುಂಡಿಗಳೆಲ್ಲ ಮನೆ ಸೇರಿ, ಮೈದಾ ಅಂಟಿನಲ್ಲಿ ಮೊಟ್ಟೆಗಳ ಮೈಮೇಲೇರುತ್ತವೆ. ಬೇಕರಿಯವರು ಅವನ್ನು ಕೊಂಡು, ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರುತ್ತಾರೆ. ಮಾಡಿದವರು ಯಾರೆಂದು ಕೊಳ್ಳುವವರಿಗೆ ಗೊತ್ತಿಲ್ಲ. ಈ ಸಲ ಮಾತ್ರ ಶಿಶುವಿಹಾರದ ಟೀಚರ್ ಹುಡುಕಿಕೊಂಡು ಮನೆಗೇ ಬಂದರು. ಮಕ್ಕಳು ಕೈಯಲ್ಲಿ ಹಿಡಿದು ಆಡಿ, ಆಮೇಲೆ ಸುಲಿದು ತಿನ್ನುವಂಥವು ಬೇಕು ಎಂದರು. ಇವತ್ತು ಬೆಳಿಗ್ಗೆಯೇ ಕೊಡಬೇಕು.

ಎಡವಟ್ಟಾದದ್ದು ನಿನ್ನೆ. ಬೇಯಿಸಿದ ಮೊಟ್ಟೆಗಳನ್ನು ಆರಲು ಬಿಟ್ಟು ಅಕ್ಕ ಅಂಟು ಕಾಯಿಸುತ್ತಿದ್ದಾಗ, ಅವರ ಅತ್ತೆ ಅಡುಗೆಗೆಂದು ತಂದ ಹಸಿ ಮೊಟ್ಟೆಗಳನ್ನೂ ಅದೇ ಟ್ರೇಯಲ್ಲಿ ಜೋಡಿಸಿಟ್ಟರು. ಗೊತ್ತಾದದ್ದು ಈಗ, ಎಲ್ಲಕ್ಕೂ ಕಣ್ಣು ಮೂಗು ಮೂಡಿದ ಮೇಲೆ, ಅತ್ತೆ ತಮ್ಮ ಮೊಟ್ಟೆಗಳನ್ನು ಕೇಳಿದಾಗ.

"ಜಾಗ ಇತ್ತಲ್ಲಮ್ಮಾ, ಇಟ್ಟೆ. ನಂಗೇನು ಕನಸು ಬಿದ್ದಿತ್ತಾ?" ಎನ್ನುತ್ತಾರೆ ಅತ್ತೆ.

"ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಈಗೇನು, ಒಂದೊಂದಾಗಿ ನನ್ನ ತಲೆಗೆ ಒಡೆದು ನೋಡು. ಹರಿದಿದ್ದು ಹಸಿ."

ಅಕ್ಕನಿಗೆ ನಗು ಬರುವುದಿಲ್ಲ. ತಿರುಗಿಸಿದರೆ ಜಡೆಯೇ ಮೊಟ್ಟೆಯನ್ನು ಒಂದು ಕಡೆಗೆ ಎಳೆಯುತ್ತದೆ. ಬಲ್ಬಿಗೆ ಹಿಡಿದರೆ ಬಣ್ಣದೊಳಗಿಂದ ಬೆಳಕು ಕಾಣದು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಎಲ್ಲವೂ ಒಂದೇ. ಮತ್ತೆ ಕುದಿಸಿದರೆ ಮುಖಗಳೆಲ್ಲ ನೀರುಪಾಲು. ಆಗಲೇ ಪಕ್ಕಕ್ಕಿಟ್ಟದ್ದನ್ನೇ ಮತ್ತೆ ಎತ್ತಿಕೊಳ್ಳುತ್ತಾರೆ, ಅದನ್ನು ಯಾವ ಕಡೆಗಿಟ್ಟಿದ್ದೆನೆಂದು ಮರೆಯುತ್ತಾರೆ.

"ತಲೆಯೆಲ್ಲ ಕಲಸುಮೇಲೋಗರ ಆಗಿದೆ. ಮಗು ಕೈಯಲ್ಲಿ ಲೋಳೆ ಸುರಿದ್ರೆ ಟೀಚರ್ ಮತ್ತೆ ಈ ಕಡೆ ತಲೆ ಹಾಕ್ತಾರಾ?"

"ಸುಮ್ನೆ ಕೊಟ್ಟುಬಿಡೇ. ಅದೃಷ್ಟ ಇದ್ದೋರಿಗೆ ಬೆಂದಿದ್ದು."

"ಅತ್ತೆ!"

ಕೊನೆಗೆ ಕೈಗೆ ಬರುವುದು ಗುಂಡಿ ಹೊಲಿಯುವ ಸೂಜಿ. ಒಂದು ಟೋಪಿಯನ್ನು ಮೆಲ್ಲಗೆ ಬಿಡಿಸಿ, ನೆತ್ತಿಗೆ ಚುಚ್ಚಿ ತೆಗೆಯುತ್ತಾರೆ. ಸೂಜಿ ಒಣಗಿಯೇ ಇದೆ, ಅಂದರೆ ಈ ಮೊಟ್ಟೆ ಬೆಂದಿದೆ. ಸೂಜಿ ಒರೆಸಿ ಮುಂದಿನದಕ್ಕೆ ಚುಚ್ಚಿದರೆ ತುದಿಯಲ್ಲಿ ಲೋಳೆ. ಹೀಗೆ ಒಂದನ್ನೂ ಬಿಡದೆ ಎಲ್ಲದರ ನೆತ್ತಿ ನೋಡುತ್ತಾರೆ. ಹಸಿ ಮೊಟ್ಟೆಗಳ ಜಡೆ ಕಿತ್ತು, ಬಣ್ಣ ತೊಳೆದು ಒಲೆಗೇರಿಸುತ್ತಾರೆ. ಬೆಂದು ಬಂದವಕ್ಕೆ ಅವಸರದಲ್ಲೇ ಮತ್ತೆ ಮುಖ. ಟೋಪಿಗಳಿಗೆ ಅಂಟು ಹಚ್ಚುತ್ತಿರುವವರು ಅತ್ತೆ. ಬಾಯಿ ಮಾತ್ರ ನಿಂತಿಲ್ಲ.

ಟ್ರೇ ಹೊತ್ತು ಶಿಶುವಿಹಾರದ ಬಾಗಿಲಿಗೆ ಹೋದಾಗಲೂ ಹೇಳುವುದೋ ಬೇಡವೋ ಎಂಬ ಗೊಂದಲ ಅಕ್ಕನನ್ನು ಬಿಟ್ಟಿಲ್ಲ. ಟೀಚರ್ ಒಂದನ್ನು ಎತ್ತಿ ನೋಡುತ್ತಾರೆ.

"ಇದ್ಯಾಕ್ರೀ, ಇವುಗಳ ಮೂತಿ ಸೊಟ್ಟಗಿದೆ?"

ಅಕ್ಕ ನಡೆದದ್ದನ್ನೆಲ್ಲ ಹೇಳಿಬಿಡುತ್ತಾರೆ. ಕೇಳುತ್ತ ಕೇಳುತ್ತ ಟೀಚರ್ ಕೈಯಲ್ಲಿದ್ದ ಮೊಟ್ಟೆಯನ್ನು ಜೋಪಾನವಾಗಿ ಟ್ರೇಗೆ ಇಳಿಸುತ್ತಾರೆ.

"ಈಗ ಇದರಲ್ಲಿ ಹಸಿ ಮೊಟ್ಟೆ ಒಂದೂ ಇಲ್ಲ ತಾನೆ?"

"ಯಾವ ಟೋಪಿ ಬೇಕಾದ್ರೂ ಎತ್ತಿ ನೋಡಿ ಟೀಚರ್," ಎನ್ನುತ್ತಾರೆ ಅಕ್ಕ. "ಒಂದೊಂದರ ನೆತ್ತಿ ಮೇಲೂ ನನ್ನ ಸೂಜಿ ಗುರುತಿದೆ."