ಎಡಗೈ ಕಲಿತದ್ದು

ಬೆಳಗಿನ ಮನೆಪ್ರಾರ್ಥನೆಯಲ್ಲಿ "ಕರ್ತನೇ" ಎಂದ ನನ್ನ ಗಂಡ ಸಮುವೇಲಪ್ಪ ಮುಂದಿನ ಮಾತು ಹೇಳಲಿಲ್ಲ. ಮರೆತರೇನೋ ಎಂದು ಕಣ್ಣು ಮುಚ್ಚಿಕೊಂಡೇ ಕಾದೆ. ತೊಡೆಯ ಮೇಲಿನ ಬೈಬಲ್ ಜಾರಿ ಬಿದ್ದ ಸದ್ದಿಗೆ ಕಣ್ಣು ತೆರೆದರೆ, ಇವರ ಬಾಯಿ ಸೊಟ್ಟಗಾಗಿತ್ತು.

ಬೆಟಗೇರಿಯ ನಮ್ಮ ಓಣಿಯಿಂದ ಗದಗಿನ ಆಸ್ಪತ್ರೆಗೆ ಆಟೊದಲ್ಲಿ ಹೋದೆವು. ಒಂದು ಕಡೆ ನಾನು, ಒಂದು ಕಡೆ ಮಗಳು ಕರುಣಾ, ನಡುವೆ ಇವರು. ಸಿ.ಟಿ. ಸ್ಕ್ಯಾನ್ ಆಯಿತು.

"ಸ್ಟ್ರೋಕ್ ರಿ. ಮೆದುಳಿನ ಎಡಭಾಗಕ್ಕ ಆಗೇತಿ. ಬಲಗೈ, ಬಲಗಾಲು, ಮಾತು, ಮೂರಕ್ಕೂ ಪೆಟ್ಟು ಬಿದ್ದೈತಿ," ಎಂದರು ಡಾಕ್ಟರು.

ಜೀವ ಉಳಿದದ್ದಕ್ಕೆ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ದೇವರನ್ನು ಕೊಂಡಾಡಿದೆ. ಮಾತೂ ಬರಲಿ ಎಂದು ಬೇಡಿಕೊಂಡೆ.

ವಾರ್ಡಿಗೆ ತಂದ ಮೇಲೆ ಮಾತು ಬಂತು.

ಬೈಗುಳ.

ಅದನ್ನು ಇಲ್ಲಿ ಬರೆಯಲಾರೆ. ನನ್ನ ಹೆತ್ತ ತಾಯಿಯನ್ನೂ ಸೇರಿಸಿ ಬೈಯುವ ಮಾತು. ನೀರು ಬೇಕಾದರೂ ಅದೇ, ನೋವಾದರೂ ಅದೇ, ನರ್ಸ್ ಬಂದು ಬಿಪಿ ನೋಡಿದರೂ ಅದೇ. ಬೇರೆ ಒಂದು ಮಾತೂ ಇಲ್ಲ. ಕರುಣಾ ಗಾಬರಿಯಾಗಿ, "ಅವ್ವಾ, ಅಪ್ಪ ಇದನ್ನ ಎಲ್ಲಿ ಕಲ್ತ?" ಎಂದಳು.

"ಜಡ್ಡಿನ ಮಾತವ್ವಾ ಅದು," ಎಂದೆ.

ಎಲ್ಲಿ ಕಲಿತದ್ದೆಂದು ನನಗೆ ಗೊತ್ತಿತ್ತು. ಕರುಣಾ ಹುಟ್ಟುವ ಮುಂಚೆ, ಹಮ್ಮಿಗಿಯಿಂದ ಉಸುಕು ಹೇರುವ ಲಾರಿ ಓಡಿಸುತ್ತಿದ್ದ ಒಬ್ಬನ ಜೊತೆ ನಾನು ಸಂಸಾರ ಮಾಡಿದ್ದೆ. ಹೆಸರು ಇದೇ ಸಮುವೇಲಪ್ಪ, ಮುಖವೂ ಇದೇ. ಕುಡಿಯುತ್ತಿದ್ದ. ಮೊದಲು ಆ ಮಾತು ಬರುತ್ತಿತ್ತು, ಹಿಂದೆಯೇ ಕೈ ಬರುತ್ತಿತ್ತು. ಲಕ್ಷ್ಮೇಶ್ವರದ ಒಂದು ಪ್ರಾರ್ಥನಾ ಕೂಟದಲ್ಲಿ ಅವನು ಮೊಣಕಾಲೂರಿ ಅತ್ತ. ಪಾಪಕ್ಷಮೆಯಾಯಿತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಕ್ಷಮಿಸಿದ ದೇವರು ಪರಲೋಕದಲ್ಲಿರುತ್ತಾನೆ, ಮನೆಗೆ ಕರೆದುಕೊಂಡು ಹೋಗಬೇಕಾದವಳು ನಾನು.

ಆದರೆ ಇವರು ಅಲ್ಲಿಗೆ ನಿಲ್ಲಲಿಲ್ಲ. "ಕ್ಷಮಾ ಅಂದ್ರ ಬಾಗಲಾ ಅಷ್ಟ. ಒಳಗ ಹೋಗಿ ಬಾಳೇವು ಮಾಡಬೇಕಲ್ಲ," ಎನ್ನುತ್ತಿದ್ದರು. ಬೈಗುಳ ನಾಲಿಗೆಗೆ ಬಂದಾಗಲೆಲ್ಲ ಬಲಗೈಯಿಂದ ಬಾಯಿ ಮುಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡರು. ಕುಡಿತ ಬೇಗ ಬಿಟ್ಟಿತು, ಬಾಯಿ ಶುದ್ಧವಾಗಲು ವರ್ಷಗಳೇ ಹಿಡಿದವು. ಆಮೇಲೆ ಮುಚ್ಚಿಕೊಳ್ಳುವುದಕ್ಕೆ ಏನೂ ಉಳಿಯಲಿಲ್ಲ. ನಮ್ಮ ಚರ್ಚಿನ ಸಭೆಯವರು ಇವರನ್ನು ಹಿರಿಯರನ್ನಾಗಿ ಆರಿಸಿದರು.

ಈಗ ಮಂಚದ ಮೇಲೆ ಮತ್ತೆ ಆ ಲಾರಿಯವನು ಮಲಗಿದ್ದ.

ಡಾಕ್ಟರು ಸಮಾಧಾನ ಹೇಳಿದರು. "ಬೇಕಂತ ಬೈಯಾಕತ್ತಿಲ್ರಿ ಅವರು. ಮಾತು ಹುಟ್ಟೋ ಜಾಗಾ ಕೆಟ್ರೂ ಇಂಥಾ ಹಳೇ ಮಾತು ತಾವಾಗೇ ಹೊರಗ ಬೀಳ್ತಾವು." ಮುಳಗುಂದದಿಂದ ನೋಡಲು ಬಂದ ಇವರ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲವ್ವಾ," ಎಂದರು. ಡಾಕ್ಟರ ಮಾತು ತಲೆಗೆ ಹತ್ತಿತು, ಅಕ್ಕನ ಮಾತು ಎದೆಯಲ್ಲಿ ಕೂತಿತು.

ಮನೆಗೆ ತಂದ ಮೇಲೆ ಗಂಜಿ ಕುಡಿಸುವಾಗ, ಮೈ ಒರೆಸುವಾಗ, ಆ ಮಾತು ಬಂದ ಕೂಡಲೇ ನನ್ನ ತಲೆ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಹೊಡೆಯುತ್ತಿದ್ದ ಕೈ ಸತ್ತು ಬಿದ್ದಿದೆ ಎಂಬುದು ನನ್ನ ಮೈಗೆ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ನಾನು ಬಾಳಿದ್ದು ಯಾರ ಜೊತೆ? ಬದಲಾದವರ ಜೊತೆಯೋ, ಬಾಯಿ ಮುಚ್ಚಿಕೊಂಡಿದ್ದವನ ಜೊತೆಯೋ?

ನಮ್ಮಲ್ಲಿ, ಚರ್ಚಿನಲ್ಲಿ ಪವಿತ್ರ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನದ ಹಿಂದಿನ ದಿನ, ಶನಿವಾರ ಸಂಜೆ, ಮನೆಯವರು ಒಬ್ಬರಿಗೊಬ್ಬರು "ತಪ್ಪಾಗಿದ್ರ ಮರತಬಿಡ್ರಿ" ಎಂದು ಕೇಳಿಕೊಳ್ಳುವ ಪದ್ಧತಿ. ಹಾಗೆ ಕೇಳಿಕೊಳ್ಳದೆ ಭೋಜನದ ರೊಟ್ಟಿ ಮುಟ್ಟುವುದಿಲ್ಲ. ಆ ಶನಿವಾರ ಸಭಾಪಾಲಕರು ಫೋನ್ ಮಾಡಿ, "ನಾಳೆ ಆರಾಧನಿ ಮುಗಿಸಿ ಮನೀಗೇ ಬಂದು ಭೋಜನ ಕೊಡ್ತೇನ್ರಿ," ಎಂದರು. ಪವಿತ್ರ ರೊಟ್ಟಿಯ ಮೇಲೆ ಆ ಮಾತು ಬಿದ್ದರೆ? ನನಗೆ ಹೆದರಿಕೆಯಾಯಿತು. "ಈ ಸರ್ತಿ ಬ್ಯಾಡ್ರಿ, ಇನ್ನೂ ಸ್ವಲ್ಪ ಆರಾಮಾಗ್ಲಿ," ಎಂದೆ. ಪಕ್ಕದಲ್ಲೇ ಮಲಗಿದ್ದ ಇವರು ಎಲ್ಲವನ್ನೂ ಕೇಳಿಸಿಕೊಂಡರು.

ಸಂಜೆ ಅಡುಗೆಮನೆಗೆ ಎದ್ದು ಹೊರಟಾಗ ಎಡಗೈಯಿಂದ ನನ್ನ ಸೆರಗು ಹಿಡಿದರು. ಮುಖ ನೋಡಿದರು. ತುಟಿ ಬಹಳ ಹೊತ್ತು ಒದ್ದಾಡಿತು. ಏನು ಕೇಳಬೇಕೆಂದಿದ್ದರೋ ನನಗೆ ತಿಳಿಯಿತು.

ಬಂದದ್ದು ಅದೇ ಬೈಗುಳ.

ನನ್ನ ತಲೆ ಪಕ್ಕಕ್ಕೆ ಸರಿಯಿತು. ಇವರ ಕೈ ಸೆರಗು ಬಿಟ್ಟು ಮೇಲೆ ಬಂತು. ನನ್ನ ಕಡೆಗಲ್ಲ. ತಡವರಿಸುತ್ತ, ಗಲ್ಲಕ್ಕೆ ತಾಗಿ, ಮೂಗಿಗೆ ತಾಗಿ, ಕೊನೆಗೆ ತಮ್ಮ ಬಾಯಿಯ ಮೇಲೆ ಹೋಗಿ ಕೂತಿತು. ಎಡಗೈ. ರೂಢಿಯಿದ್ದದ್ದು ಬಲಗೈಗೆ, ಅದು ಮಂಚದ ಅಂಚಿನಲ್ಲಿ ಜೋತು ಬಿದ್ದಿತ್ತು. ಈ ಕೈಗೆ ಇವರು ಮಲಗಿದಲ್ಲಿಯೇ ಮತ್ತೆ ಮೊದಲಿನಿಂದ ಕಲಿಸಿದ್ದರು. ಬಾಯಿಯನ್ನೇ ನೋಡುತ್ತಿದ್ದ ನಾನು ಎಷ್ಟು ದಿನದಿಂದ ಇದನ್ನು ಕಂಡಿರಲಿಲ್ಲವೋ. ಆ ಲಾರಿಯವನು ಒಂದು ದಿನವೂ ಬಾಯಿ ಮುಚ್ಚಿಕೊಂಡವನಲ್ಲ. ನನಗೆ ಅಳು ಬಂತು.

"ಆತು ಬಿಡ್ರಿ. ಮರತೇನಿ," ಎಂದೆ. ಮರೆತಿರಲಿಲ್ಲ. ಆದರೂ ಸಭಾಪಾಲಕರಿಗೆ ಬರ್ರಿ ಎಂದು ಫೋನ್ ಮಾಡಿದೆ.

ಭಾನುವಾರ, ರೊಟ್ಟಿ ತುಟಿಯ ಹತ್ತಿರ ಬಂದಾಗ ಆ ಮಾತು ಬಂದೇ ಬಂತು. ಕೈ ಬಾಯಿಗೆ ಹೋಯಿತು. ಸಭಾಪಾಲಕರು ರೊಟ್ಟಿ ಹಿಡಿದುಕೊಂಡೇ ನಿಂತರು. "ಅವಸರಿಲ್ರಿ, ಹಿರೇರ," ಎಂದರು. ಕೈ ಕೆಳಗಿಳಿದ ಮೇಲೆ ಕೊಟ್ಟರು.

ಈಗ ಫಿಸಿಯೋಥೆರಪಿ ನಡೆದಿದೆ. ಕೋಲು ಹಿಡಿದು ಬಾಗಿಲವರೆಗೆ ಬರುತ್ತಾರೆ. "ನೀರು" ಬಂದಿದೆ, "ಕರುಣಾ" ಬಂದಿದೆ, ಒಮ್ಮೊಮ್ಮೆ "ಕರ್ತನೇ" ಕೂಡ. ಅಷ್ಟಕ್ಕೇ ದೇವರಿಗೆ ಸ್ತೋತ್ರ. ಬೈಗುಳ ಹೋಗಿಲ್ಲ. ಅದು ಬಂದಾಗ ಈಗಲೂ ನನ್ನ ತಲೆ ಸರಿಯುತ್ತದೆ. ಆಮೇಲೆ ಎಡಗೈ ನೋಡುತ್ತೇನೆ. ಅದು ಮೇಲೇಳುವ ತನಕ ಉಸಿರು ಹಿಡಿದಿರುತ್ತೇನೆ.

ಇವತ್ತೂ ಎದ್ದಿತು.